ಓವನ್‌ನಲ್ಲಿ ಕರಗಿಹೋದ 16 ಜಿಗ್‌ಗಳು

ಏಳು ವಾರ ಹಿಡಿಯಿತು. ಮೆಣಸಿನ ಕಾಳಿನಷ್ಟು ಲೋಹದ ತಲೆ, ಅದಕ್ಕೊಂದು ಗಾಳ, ಮೇಲೆ ಒಂದಿಷ್ಟು ಬಣ್ಣ. ಇಷ್ಟಕ್ಕೇ ಏಳು ವಾರ! ಶುರು ಮಾಡುವಾಗ ಒಂದು ಶನಿವಾರ, ಒಂದು ಭಾನುವಾರ ಸಾಕು ಅಂದುಕೊಂಡಿದ್ದೆ. ನಡುವೆ ಒಂದು ದಿನ ಎಲ್ಲವನ್ನೂ ಗಂಟು ಕಟ್ಟಿ ಅಟ್ಟಕ್ಕೆ ಎಸೆಯುವ ಮನಸ್ಸೂ ಬಂದಿತ್ತು. ಮೊನ್ನೆ ಕೊನೆಗೂ ಅವನ್ನು ಐಸ್ ಮೇಲೆ ಒಯ್ದು ನೀರಿಗೆ ಬಿಟ್ಟು ಬಂದೆ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಸ್ವಲ್ಪವಾದರೂ ದಾರಿ ಕಾಣಲಿ ಎಂದು.

ಗೊತ್ತಿಲ್ಲದವರಿಗೆ ಎರಡು ಮಾತು. ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದುಹೋಗಿ, ಐಸ್‌ನಲ್ಲಿ ತೂತು ಕೊರೆದು, ಮೊಳದುದ್ದದ ಕೋಲಿನಿಂದ ಮೀನು ಹಿಡಿಯುವುದು ಐಸ್ ಮೀನುಗಾರಿಕೆ. ಇಲ್ಲಿ ದೂರಕ್ಕೆ ಎಸೆಯುವ ಮಾತೇ ಇಲ್ಲ. ದಾರ ನೇರವಾಗಿ ಕೆಳಗಿಳಿಯುತ್ತದೆ. ದಾರದ ತುದಿಯಲ್ಲಿ ಕುಣಿಯುವುದೇ ಜಿಗ್. ಗಾಳಕ್ಕೆ ಲೋಹದ ತಲೆ ಕೂಡಿಸಿದ್ದು, ಅಷ್ಟೇ. ಪರ್ಚ್‌ನಂಥ ಸಣ್ಣ ಮೀನಿಗೆ ಅರ್ಧ ಗ್ರಾಂನಿಂದ ಎರಡು ಗ್ರಾಂ ತೂಗಿದರೆ ಸಾಕು. ಚಳಿಗಾಲದ ಮೀನು ಸೋಮಾರಿ. ತಳದ ಹತ್ತಿರ, ಸುಮಾರು 4 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಸುಮ್ನೆ ನಿಂತಿರುತ್ತದೆ. ದೊಡ್ಡ ಗಾಳ ಕಂಡರೆ ಮೂಸಿ ನೋಡಿ ಹೋಗಿಬಿಡುತ್ತದೆ. ಹಾಗಾಗಿ ಜಿಗ್ ಸಣ್ಣದಾಗಿರಬೇಕು, ಆದರೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯುವಷ್ಟು ಭಾರವೂ ಇರಬೇಕು. ನನ್ನ ಎಲ್ಲ ತಲೆನೋವೂ ಇಲ್ಲಿಂದಲೇ ಶುರುವಾದದ್ದು.

ಹೋದ ಚಳಿಗಾಲದಲ್ಲಿ ಒಟ್ಟು ಒಂಬತ್ತು ಜಿಗ್ ಕಳೆದುಕೊಂಡೆ. ಐದನ್ನು ಪೈಕ್ ಮೀನು ಹಲ್ಲಿನಿಂದ ದಾರ ಕತ್ತರಿಸಿ ಒಯ್ದಿತು. ಎರಡು ನೀರೊಳಗಿನ ಕೊಂಬೆಗೆ ಸಿಕ್ಕಿದವು. ಉಳಿದೆರಡು ನನ್ನದೇ ಗಂಟು ಬಿಚ್ಚಿಕೊಂಡು ಹೋದವು. ಒಳ್ಳೆಯ ಜಿಗ್‌ಗೆ ಒಳ್ಳೆಯ ಬೆಲೆಯೇ ಇರುತ್ತದೆ. ಇಷ್ಟು ಸಣ್ಣ ವಸ್ತುವನ್ನು ನಾನೇ ಮಾಡಿಕೊಳ್ಳಬಾರದೇಕೆ ಅನ್ನಿಸಿತು.

ಮೊದಲು ಓದಿದ್ದು ಮೀನುಗಾರಿಕೆಯ ಪರವಾನಗಿಯ ಜೊತೆ ಸಿಗುವ ನಿಯಮ ಪುಸ್ತಕ. ಇದನ್ನು ಹಾರಿಸಿ ಮುಂದೆ ಹೋಗಬೇಡಿ. ಒಂದು ದಾರಕ್ಕೆ ಎಷ್ಟು ಗಾಳ ಕಟ್ಟಬಹುದು, ಸೀಸದ ತೂಕ ಬಳಸಬಹುದೇ ಎಂಬುದು ಜಾಗದಿಂದ ಜಾಗಕ್ಕೆ ಬೇರೆ. ಬ್ರಿಟನ್‌ನಲ್ಲಿ ಸಣ್ಣ ಸೀಸದ ತೂಕಗಳ ಮೇಲೆ 1987ರಲ್ಲೇ ನಿಷೇಧ ಬಂತು. ಹಂಸಗಳು ಅವನ್ನು ನುಂಗಿ ಸಾಯುತ್ತಿದ್ದವು. ಕೆನಡಾದ ರಾಷ್ಟ್ರೀಯ ಉದ್ಯಾನಗಳಲ್ಲಿ ಸೀಸದ ಸಣ್ಣ ತೂಕ, ಜಿಗ್ ಎರಡೂ 1997ರಿಂದ ನಿಷಿದ್ಧ. ಅಲ್ಲಿ ಲೂನ್ ಎಂಬ ಮುಳುಗು ಹಕ್ಕಿಯ ಚಿಂತೆ. ಈ ಹಕ್ಕಿಗಳು ಆಹಾರ ಅರೆಯಲೆಂದು ತಳದ ಸಣ್ಣ ಕಲ್ಲುಗಳನ್ನು ನುಂಗುತ್ತವೆ. ಕಲ್ಲಿನ ಜೊತೆ ಸೀಸದ ಚೂರೂ ಹೊಟ್ಟೆಗೆ ಹೋಗುತ್ತದೆ. ಒಂದೇ ಒಂದು ಚೂರು ಸಾಕು ಹಕ್ಕಿ ಸಾಯಲು.

ಇಷ್ಟೆಲ್ಲ ಓದಿಯೂ ನಾನು ಮೊದಲು ಕೈ ಹಾಕಿದ್ದು ಸೀಸಕ್ಕೇ. ಗೆಳೆಯನೊಬ್ಬ ತನ್ನ ಶೆಡ್‌ನಲ್ಲಿ ಸೀಸ ಎರಕ ಹೊಯ್ಯುತ್ತಾನೆ. ಸೀಸ 327 ಡಿಗ್ರಿಗೆ ಕರಗುತ್ತದೆ, ಅಚ್ಚಿನೊಳಗೆ ಸಲೀಸಾಗಿ ಹರಿಯುತ್ತದೆ, ಅಗ್ಗ. ಅವನು ಅಲ್ಯೂಮಿನಿಯಂ ಅಚ್ಚಿಗೆ ಮೇಣದಬತ್ತಿಯ ಮಸಿ ಹಿಡಿಸಿ, ಬಿಸಿ ಮಾಡಿ, ಗಾಳಗಳನ್ನು ಜೋಡಿಸಿ ಹೊಯ್ದು ತೋರಿಸಿದ. ಅಚ್ಚು ತಣ್ಣಗಿದ್ದರೆ ತಲೆ ಸುಕ್ಕು ಸುಕ್ಕಾಗಿ ಬರುತ್ತದೆ ಅಂದ. ನಿಜ, ಮೊದಲ ನಾಲ್ಕು ಹಾಗೇ ಬಂದವು. ಆಮೇಲಿನವು ಕನ್ನಡಿಯಂತೆ ಬಂದವು. ಆಹಾ ಅನ್ನಿಸಿತು.

ಆಗ ನಾನು ಹೊರಗೆ ಹೋಗಿ ಬಂದೆ. ಹಿಮ ಬೀಳುತ್ತಿತ್ತು. ಕೈಗವಸಿನ ಮೇಲೆ ಒಂದು ಚಿಟಿಕೆ ಹಿಮ ಕೂತಿದ್ದು ನನಗೆ ಕಾಣಲಿಲ್ಲ. ಕರಗಿದ ಸೀಸದ ಪಾತ್ರೆಯ ಮೇಲೆ ಕೈ ಚಾಚಿದೆ ನೋಡಿ, ಪಟ್ ಎಂದು ಸಿಡಿಯಿತು. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಆ ಹಿಗ್ಗುವಿಕೆ ಸೀಸದ ಒಳಗೆ ನಡೆದರೆ ಸೀಸ ಮೇಲಕ್ಕೆ ಹಾರುತ್ತದೆ. ಹಾರಿದ ಹನಿಗಳು ಕನ್ನಡಕಕ್ಕೆ, ಅಂಗಿ ತೋಳಿಗೆ, ಗೋಡೆಗೆ ಅಂಟಿದವು. ಕನ್ನಡಕ ಇಲ್ಲದಿದ್ದರೆ ಈ ಬರಹ ಬೇರೆಯವರ ಕೈಯಲ್ಲಿ ಬರೆಸಬೇಕಾಗುತ್ತಿತ್ತು. ಗೆಳೆಯ ಬೈಯಲಿಲ್ಲ, ಸುಮ್ಮನೆ ಪಾತ್ರೆಯ ಸ್ವಿಚ್ ಆರಿಸಿದ. ಮನೆಗೆ ಬಂದು ಬಟ್ಟೆ ಬೇರೆಯಾಗಿ ಒಗೆದೆ, ಸ್ನಾನ ಮಾಡಿದೆ, ಆಮೇಲೆ ಮಗುವನ್ನು ಎತ್ತಿಕೊಂಡೆ. ಸೀಸದ ವಿಷಯದಲ್ಲಿ ಮಕ್ಕಳಿಗೆ ಇಷ್ಟು ಪ್ರಮಾಣ ಪರವಾಗಿಲ್ಲ ಅನ್ನುವಂಥ ಲೆಕ್ಕವೇ ಇಲ್ಲ. ಅಂದಿಗೆ ಸೀಸದ ಅಧ್ಯಾಯ ಮುಗಿಯಿತು.

ಟಂಗ್‌ಸ್ಟನ್ ಜಿಗ್‌ಗಳನ್ನು ನೋಡಿದ್ದೀರಲ್ಲ, ಸಣ್ಣ ತಲೆ, ಭರ್ಜರಿ ತೂಕ. ಆದರೆ ಟಂಗ್‌ಸ್ಟನ್ ಕರಗಲು 3,422 ಡಿಗ್ರಿ ಬೇಕು. ಮನೆಯಲ್ಲಿ ಅದನ್ನು ಎರಕ ಹೊಯ್ಯುವ ಆಸೆ ಬಿಟ್ಟುಬಿಡಿ. ಹಾಗಾಗಿ ನಾನು ಆರಿಸಿಕೊಂಡದ್ದು ಬಿಸ್ಮತ್ ಮತ್ತು ತವರದ ಮಿಶ್ರಲೋಹ. ಬಿಸ್ಮತ್ 58 ಪಾಲು, ತವರ 42 ಪಾಲು. ಬಿಡಿಯಾಗಿ ಬಿಸ್ಮತ್ ಕರಗುವುದು 271 ಡಿಗ್ರಿಗೆ, ತವರ 232ಕ್ಕೆ. ಆದರೆ ಈ ಪ್ರಮಾಣದಲ್ಲಿ ಕೂಡಿಸಿದರೆ ಬರೀ 138 ಡಿಗ್ರಿಗೇ ನೀರಾಗುತ್ತದೆ. ನನಗೆ ಅದೇ ಜಾದೂ ಅನ್ನಿಸಿತು. ಈ 138 ಎಂಬ ಸಂಖ್ಯೆಯನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಇಷ್ಟು ಕಡಿಮೆ ಬಿಸಿ ಸಾಕು ಅಂದಮೇಲೆ ಲೋಹದ ಅಚ್ಚು ಬೇಕಿಲ್ಲ, ಸಿಲಿಕೋನ್ ಅಚ್ಚು ನಡೆಯುತ್ತದೆ. ಅದನ್ನು ನಾನೇ ಮಾಡಿದೆ. ಅಂಗಡಿಯ ಜಿಗ್ ಒಂದನ್ನು ಜೇಡಿಯಲ್ಲಿ ಅರ್ಧ ಹೂತು, ಮೇಲೆ ಸಿಲಿಕೋನ್ ಸುರಿದು 24 ಗಂಟೆ ಕಾದೆ. ತಿರುಗಿಸಿ, ಜೇಡಿ ತೆಗೆದು, ಇನ್ನೊಂದು ಅರ್ಧ ಸುರಿದು ಮತ್ತೆ 24 ಗಂಟೆ. ಬಿಡಿಸಲು ಹೋದರೆ ಅಚ್ಚು ಬಾಯಿಯೇ ಬಿಡಲಿಲ್ಲ. ಸಿಲಿಕೋನ್ ಸಾಮಾನ್ಯವಾಗಿ ಯಾವುದಕ್ಕೂ ಅಂಟುವುದಿಲ್ಲ, ಇನ್ನೊಂದು ಸಿಲಿಕೋನ್‌ಗೆ ಮಾತ್ರ ಚೆನ್ನಾಗಿ ಅಂಟುತ್ತದೆ! ನಡುವೆ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಬೇಕಿತ್ತು. ಎರಡು ದಿನದ ಕಾಯುವಿಕೆ ಒಂದು ರಬ್ಬರ್ ಇಟ್ಟಿಗೆಯಾಯಿತು. ಒಳಗೆ ನನ್ನ ಒಳ್ಳೆಯ ಜಿಗ್. ಚಾಕುವಿನಿಂದ ಕೊಯ್ದು ಅದನ್ನು ಹೊರತೆಗೆದೆ. ಮತ್ತೆ ಎರಡು ದಿನ. ಇನ್ನೊಂದು ಮಾತು, ಪ್ಲಾಟಿನಂ ಬಗೆಯ ಸಿಲಿಕೋನ್ ತಂದಿದ್ದರೆ ಗಂಧಕ ಇರುವ ಜೇಡಿ ಬಳಸಬೇಡಿ, ತಾಗಿದ ಕಡೆ ಅದು ಗಟ್ಟಿಯೇ ಆಗುವುದಿಲ್ಲ.

ಅಷ್ಟರಲ್ಲಿ ಗಾಳಗಳ ಪಾರ್ಸೆಲ್ ಬಂತು. ಬಿಚ್ಚಿದರೆ ಎಲ್ಲವೂ ನೇರ ಕಣ್ಣಿನ ಗಾಳ (ಕಣ್ಣು ಅಂದರೆ ದಾರ ಕಟ್ಟುವ ತೂತು). ಜಿಗ್‌ಗೆ ಬೇಕಾದದ್ದು ಕುತ್ತಿಗೆ ಬಾಗಿದ ಗಾಳ. ಅದರ ಕಣ್ಣು 90 ಅಥವಾ 60 ಡಿಗ್ರಿ ಕೋನದಲ್ಲಿ ಮೇಲಕ್ಕೆ ನಿಂತಿರುತ್ತದೆ. ಕುತ್ತಿಗೆ ಬಾಗಿದ್ದರೆ ಮಾತ್ರ ಜಿಗ್ ನೀರಿನಲ್ಲಿ ಅಡ್ಡಡ್ಡ ತೂಗುತ್ತದೆ. ತಪ್ಪು ಮಾರಿದವರದ್ದಲ್ಲ, ಆರ್ಡರ್ ಮಾಡುವಾಗ ನಾನೇ ನೋಡಿರಲಿಲ್ಲ. ಮತ್ತೆ 11 ದಿನ. ಇಕ್ಕಳದಲ್ಲಿ ಬಗ್ಗಿಸಿ ನೋಡೋಣ ಅಂತ ಎರಡನ್ನು ಹಿಡಿದೆ, ಎರಡೂ ಟಿಕ್ ಅಂತ ಮುರಿದವು.

ಸರಿಯಾದ ಗಾಳ ಬಂದ ಸಂಜೆ ಮಾತ್ರ ಹಬ್ಬ. ಹಳೆಯ ಸ್ಟೀಲ್ ಲೋಟದಲ್ಲಿ ಲೋಹ ಕರಗಿಸಿ (ಆ ಲೋಟ ಇನ್ನು ಅಡುಗೆಮನೆಗೆ ವಾಪಸ್ ಹೋಗಬಾರದು, ಗುರುತು ಹಾಕಿಡಿ) ಒಂದೊಂದಾಗಿ 16 ತಲೆ ಹೊಯ್ದೆ. ಬಿಸ್ಮತ್‌ಗೆ ಒಂದು ವಿಚಿತ್ರ ಗುಣವಿದೆ. ಗಟ್ಟಿಯಾಗುವಾಗ ಅದು ಕುಗ್ಗುವುದಿಲ್ಲ, ಹಿಗ್ಗುತ್ತದೆ. ನೀರು ಐಸ್ ಆಗುವಾಗ ಹಿಗ್ಗುವ ಹಾಗೆ. ಅದಕ್ಕೇ ಅಚ್ಚಿನ ಸಣ್ಣ ಸಣ್ಣ ಗೆರೆ ಕೂಡ ತಲೆಯ ಮೇಲೆ ಮೂಡಿತ್ತು. ಗಟ್ಟಿ ಲೋಹದ ಅಚ್ಚಿನಲ್ಲಾದರೆ ಇದೇ ಗುಣದಿಂದ ಕಚ್ಚಿಕೊಂಡು ಕೂರುತ್ತದೆ.

0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಇಟ್ಟೆ. ಸ್ವಲ್ಪ ಮುಖ ಸಪ್ಪೆಯಾಯಿತು. ಸೀಸ ಒಂದು ಘನ ಸೆಂಟಿಮೀಟರ್‌ಗೆ 11.3 ಗ್ರಾಂ ತೂಗಿದರೆ ಈ ಮಿಶ್ರಲೋಹ ಸುಮಾರು 8.6. ಶುದ್ಧ ಟಂಗ್‌ಸ್ಟನ್ 19ಕ್ಕೂ ಜಾಸ್ತಿ. ಅಂದರೆ ಸೀಸದಲ್ಲಿ 1 ಗ್ರಾಂ ಬರುವ ಅಚ್ಚಿನಲ್ಲಿ ನನಗೆ 0.76 ಗ್ರಾಂ ಬಂತು. ಅಚ್ಚು ಆರಿಸುವಾಗ ಒಂದು ಅಳತೆ ದೊಡ್ಡದನ್ನೇ ತೆಗೆದುಕೊಳ್ಳಿ.

ಈಗ ಬಣ್ಣ. ಅಂಗಡಿ ಜಿಗ್‌ನ ಗಟ್ಟಿ ಹೊಳಪು ಬರಬೇಕೆಂದರೆ ಪುಡಿ ಬಣ್ಣವೇ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಜಿಗ್ ಬಿಸಿ ಮಾಡಿ, ಪುಡಿಯಲ್ಲಿ ಎರಡು ಸೆಕೆಂಡ್ ಅದ್ದಿ, ತಟ್ಟಿ, ಆಮೇಲೆ ಸುಮಾರು 175 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಬೇಕು. ಇದಕ್ಕೆಂದೇ ಹಳೆಯ ಪುಟ್ಟ ಓವನ್ ಒಂದನ್ನು ಇಟ್ಟುಕೊಂಡಿದ್ದೆ. ಅನ್ನ ಬೇಯುವ ಜಾಗದಲ್ಲಿ ಬಣ್ಣ ಬೇಯಿಸಬಾರದು, ಅಲ್ವಾ. ಬಿಸಿ ಗಾಳಿಯ ಗನ್ನಿನಲ್ಲಿ ಒಂದೊಂದನ್ನೂ ಹಗುರವಾಗಿ ಕಾಯಿಸಿ ಅದ್ದಿದೆ. ಒಂದು ತಲೆಯ ಮೂಗು ಸ್ವಲ್ಪ ಮೆತ್ತಗಾಗಿ ದುಂಡಗಾಯಿತು. ನೋಡಿದೆ, ಆದರೂ ಮುಂದುವರಿದೆ. ಕಡ್ಡಿಗೆ ಸಾಲಾಗಿ ತೂಗುಹಾಕಿ ಓವನ್ ಬಾಗಿಲು ಮುಚ್ಚಿದೆ. ಹಸಿರು, ಕೇಸರಿ, ಗುಲಾಬಿ. ಚೆಂದದ ಸಾಲು.

ಹತ್ತು ನಿಮಿಷಕ್ಕೆ ಇಣುಕಿದೆ. ಕಡ್ಡಿಯಲ್ಲಿ ಬರೀ ಗಾಳಗಳು ತೂಗುತ್ತಿದ್ದವು. ಕೆಳಗಿನ ತಟ್ಟೆಯಲ್ಲಿ 16 ಬಣ್ಣಬಣ್ಣದ ಹನಿಗಳು, ಕೆಲವು ಒಂದರೊಳಗೊಂದು ಸೇರಿ ಕೆರೆಯಂತೆ ನಿಂತಿದ್ದವು. 138 ಡಿಗ್ರಿಗೆ ಕರಗುವ ಲೋಹವನ್ನು 175 ಡಿಗ್ರಿಯಲ್ಲಿ ಬೇಯಲು ಇಟ್ಟಿದ್ದೆ! ಯಾರನ್ನು ಬೈಯಲಿ? ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅಂತಾರೆ. ಇಲ್ಲಿ ಕುಂಬಾರನೂ ನಾನೇ, ದೊಣ್ಣೆಯೂ ನಾನೇ. ಅಟ್ಟಕ್ಕೆ ಎಸೆಯುವ ಮನಸ್ಸು ಬಂದದ್ದು ಆವತ್ತೇ. ಓವನ್ ಆರಿಸಿ, ದೀಪ ಆರಿಸಿ, ಮಲಗಿಬಿಟ್ಟೆ. ನಾಲ್ಕು ದಿನ ಆ ಕೋಣೆಗೆ ಹೋಗಲಿಲ್ಲ.

ಐದನೇ ದಿನ ಒಂದು ಕಾಗದ ತೆಗೆದುಕೊಂಡು ಮೇಲಿಂದ ಕೆಳಕ್ಕೆ ಡಿಗ್ರಿಗಳನ್ನು ಬರೆದೆ. ಗಾಳದ ಉಕ್ಕು ಹದ ಕೆಡುವ ಬಿಸಿ ಎಲ್ಲಕ್ಕಿಂತ ಮೇಲೆ. ಅದರ ಕೆಳಗೆ ತಲೆಯ ಲೋಹ. ಅದರ ಕೆಳಗೆ ಬಣ್ಣ. ಬಣ್ಣದ ಕೆಳಗೆ ಅಂಟು. ಕೆಲಸ ಮಾಡುವಾಗ ಈ ಮೆಟ್ಟಿಲನ್ನು ಇಳಿಯುತ್ತಲೇ ಹೋಗಬೇಕು, ನಡುವೆ ಒಮ್ಮೆ ಮೇಲೆ ಹತ್ತಿದರೆ ಹಿಂದಿನದೆಲ್ಲ ಹಾಳು. ಹಾಗಾಗಿ ಲೋಹ ತರಿಸುವ ಮೊದಲೇ ಬಣ್ಣ ಯಾವುದೆಂದು ತೀರ್ಮಾನ ಮಾಡಿ. ಆ ಕಾಗದ ಈಗಲೂ ಮೇಜಿನ ಮುಂದಿನ ಗೋಡೆಯಲ್ಲಿದೆ.

ತಟ್ಟೆಯ ಲೋಹ ಹಾಳಾಗಲಿಲ್ಲ. ಕರಗಿಸಿ, ಮೇಲೆ ತೇಲಿದ ಬಣ್ಣದ ಕಿಟ್ಟ ತೆಗೆದು, ಮತ್ತೆ ಹೊಯ್ದೆ. ಈ ಸಲ ಬಣ್ಣಕ್ಕೆ ಉಗುರು ಬಣ್ಣ, ಅದರ ಮೇಲೆ ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ರೆಸಿನ್. ಬಿಸಿಯ ಗೊಡವೆಯೇ ಇಲ್ಲ. ಆದರೆ ಬರೀ ಉಗುರು ಬಣ್ಣ ಹಚ್ಚಿ ಬಿಟ್ಟ ಎರಡನ್ನು ಮೀನಿಗೆ ಆಮಿಷವಾಗಿ ಬಳಸುವ ಮೃದು ಪ್ಲಾಸ್ಟಿಕ್ ಹುಳುಗಳ ಡಬ್ಬಿಯಲ್ಲೇ ಹಾಕಿದ್ದೆ. ವಾರದಲ್ಲಿ ಬಣ್ಣ ಕರಗಿ ಹುಳುಗಳಿಗೆ ಮೆತ್ತಿಕೊಂಡಿತು. ಆ ಪ್ಲಾಸ್ಟಿಕ್ ಮೃದುವಾಗಿರಲು ಹಾಕುವ ಎಣ್ಣೆಯಂಥ ವಸ್ತು ಇಂಥ ಬಣ್ಣಗಳನ್ನು ತಿಂದುಬಿಡುತ್ತದೆ. ಬೇರೆ ಬೇರೆ ಡಬ್ಬಿ ಇಡಿ.

ಪುಡಿ ಬಣ್ಣದ ಆಸೆ ಮಾತ್ರ ಹೋಗಲಿಲ್ಲ. ಅದಕ್ಕಾಗಿ ಹಳೆಯ ದಾರಿಗೆ ಹೋದೆ. ರಷ್ಯಾದ ಮೀನುಗಾರರು ಮೊರ್ಮಿಷ್ಕಾ ಎಂಬ ಪುಟ್ಟ ಐಸ್ ಜಿಗ್ ಮಾಡುತ್ತಾರೆ. ತೆಳು ತಾಮ್ರದ ತಗಡನ್ನು ಹನಿಯ ಆಕಾರಕ್ಕೆ ಕತ್ತರಿಸಿ, ದಾರಕ್ಕೆಂದು ತೂತು ಕೊರೆದು, ಹಿಂಬದಿಗೆ ಗಾಳವನ್ನು ಬೆಸೆದು, ಬೇಕಾದಷ್ಟು ತೂಕ ಬರುವವರೆಗೆ ಬೆಸುಗೆ ಲೋಹ ತುಂಬುವುದು. ಅಚ್ಚು ಬೇಡ, ಎರಕ ಬೇಡ. ಸೀಸವಿಲ್ಲದ ತವರ-ತಾಮ್ರದ ಬೆಸುಗೆ 227 ಡಿಗ್ರಿಗೆ ಕರಗುತ್ತದೆ, ಪುಡಿ ಬಣ್ಣದ 175ಕ್ಕಿಂತ ಆರಾಮವಾಗಿ ಮೇಲೆ. ಬೆಸೆಯುವಾಗ ತೂತು ಮುಚ್ಚಿಹೋಗದಿರಲು ಅದರಲ್ಲಿ ಒಂದು ಸ್ಟೇನ್‌ಲೆಸ್ ತಂತಿ ಸಿಕ್ಕಿಸಿಡಬೇಕು. ಅದಕ್ಕೆ ಬೆಸುಗೆ ಸುಲಭವಾಗಿ ಹಿಡಿಯುವುದಿಲ್ಲ, ಕೊನೆಗೆ ಎಳೆದರೆ ಬಂದುಬಿಡುತ್ತದೆ.

ಮೊದಲ ಐದನ್ನು ಆತುರಕ್ಕೆ ಗ್ಯಾಸ್ ಟಾರ್ಚ್‌ನಲ್ಲಿ ಬೆಸೆದೆ. ಒಂದು ಚಿಟಿಕೆ ಹೊಡೆಯುವುದರೊಳಗೆ ಬೆಸುಗೆ ಹರಿಯಿತು. ಗಾಳದ ಉಕ್ಕು ಮೊದಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು, ಆಮೇಲೆ ನೀಲಿ, ಆಮೇಲೆ ಬೂದು. ನೋಡಲು ಚೆಂದ. ಬೆರಳಿನಲ್ಲಿ ಒತ್ತಿದರೆ ಗಾಳ ಸುಮ್ನೆ ತಂತಿಯಂತೆ ನೆಟ್ಟಗಾಯಿತು. ಕಮ್ಮಾರರು ಹೇಳುವ ಹದ ಹೋಗಿತ್ತು. ಉಕ್ಕು ನೀಲಿಗೆ ತಿರುಗುವುದು ಸುಮಾರು 300 ಡಿಗ್ರಿಗೆ. ಆ ಬಣ್ಣ ಕಂಡರೆ ಆ ಗಾಳವನ್ನು ನಂಬಬೇಡಿ. ಆಮೇಲೆ ಸೋಲ್ಡರಿಂಗ್ ಐರನ್ ಹಿಡಿದೆ. ಗಾಳದ ಕಾಲನ್ನು ಅರದಿಂದ ಉಜ್ಜಿ ಮೇಲಿನ ಲೇಪ ತೆಗೆದು, ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಸವರುವ ವಸ್ತು) ಹಚ್ಚಿ, ತಗಡಿನ ಕಡೆಗೇ ಬಿಸಿ ಕೊಟ್ಟು, ಎರಡು ಮೂರು ಸೆಕೆಂಡ್‌ನಲ್ಲಿ ಮುಗಿಸಿದೆ. ಗಾಳದ ಬಾಗಿದ ಭಾಗಕ್ಕೆ ಒದ್ದೆ ಬಟ್ಟೆ ಸುತ್ತಿದ್ದೆ. ಆಸಿಡ್ ಫ್ಲಕ್ಸ್ ಆದರೆ ಕೂಡಲೇ ಸೋಪು ನೀರಿನಲ್ಲಿ ತೊಳೆಯಿರಿ. ನಾನು ಒಂದು ರಾತ್ರಿ ಬಿಟ್ಟೆ, ಬೆಳಗ್ಗೆ ಗಾಳಕ್ಕೆ ತುಕ್ಕು.

ಟಂಗ್‌ಸ್ಟನ್ ಬೇಕೇ ಬೇಕು ಅನ್ನುವವರಿಗೆ ಒಂದು ಅಡ್ಡದಾರಿ ಇದೆ. ಸೀಳು ಇರುವ ಟಂಗ್‌ಸ್ಟನ್ ಮಣಿಗಳು ಸಿಗುತ್ತವೆ. 60 ಡಿಗ್ರಿ ಗಾಳದ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ, ಮಣಿಯನ್ನು ತುದಿಯಿಂದ ತೂರಿಸಿ ಕಣ್ಣಿನ ಹತ್ತಿರ ತಂದು ಅಂಟಿಸಿದರೆ ಆಯಿತು. 4 ಮಿ.ಮೀ. ಮಣಿ ನನ್ನ ತಕ್ಕಡಿಯಲ್ಲಿ ಅರ್ಧ ಗ್ರಾಂಗಿಂತ ಸ್ವಲ್ಪ ಕಡಿಮೆ ತೂಗಿತು. ನಿಜ ಹೇಳಬೇಕೆಂದರೆ ಹೊಸಬರು ಇಲ್ಲಿಂದಲೇ ಶುರು ಮಾಡಬೇಕು. ಬೆಂಕಿ ಇಲ್ಲ, ಹೊಗೆ ಇಲ್ಲ. ಆದರೆ ಮಣಿಗೆ ಜಾಸ್ತಿ ದುಡ್ಡು. ನಾನು ಎಪಾಕ್ಸಿ ಅಂಟು ಹಾಕಿ ತಣ್ಣನೆಯ ಶೆಡ್‌ನಲ್ಲಿ ಬಿಟ್ಟಿದ್ದೆ, ಎರಡು ದಿನವಾದರೂ ಬೆರಳಿಗೆ ಅಂಟುತ್ತಿತ್ತು. ಬೆಚ್ಚಗಿನ ಕೋಣೆಗೆ ತಂದಮೇಲೆ ಗಟ್ಟಿಯಾಯಿತು.

ಕತ್ತಲಲ್ಲಿ ಹೊಳೆಯುವ ಪುಡಿಯೂ ಹಾಕಿದೆ. ಸ್ಟ್ರಾನ್ಷಿಯಂ ಅಲ್ಯೂಮಿನೇಟ್ ಪುಡಿ ಗಂಟೆಗಟ್ಟಲೆ ಹೊಳೆಯುತ್ತದೆ, ಹಳೆಯ ಜಿಂಕ್ ಸಲ್ಫೈಡ್ ಬೇಗ ಮಂಕಾಗುತ್ತದೆ. ಕೆಳಗೆ ಬಿಳಿ ಪದರ ಇರಲೇಬೇಕು, ಮೇಲೆ ತಿಳಿ ಲೇಪವೂ ಬೇಕು, ಏಕೆಂದರೆ ನೀರು ತಾಗಿದರೆ ಈ ಪುಡಿ ಕೆಡುತ್ತದೆ.

ಬಣ್ಣ ಬೇಯಿಸುವ ಮೊದಲು ಪ್ರತಿ ಜಿಗ್‌ನ ಕಣ್ಣಿಗೆ ಸೂಜಿ ಚುಚ್ಚಿ ಬಣ್ಣ ತೆಗೆಯಬೇಕು. ಬೆಂದಮೇಲೆ ಅದು ಕಲ್ಲು. ಇದನ್ನು ನನಗೆ ಗೆಳೆಯ ಮೂರು ಸಲ ಹೇಳಿದ್ದ, ನಾನೂ ಒಂದೊಂದನ್ನೇ ದೀಪಕ್ಕೆ ಹಿಡಿದು ಚುಚ್ಚಿದೆ. ಆಮೇಲೆ ಉದ್ದನೆಯ ಗಾಜಿನ ಜಾಡಿಯಲ್ಲಿ ನೀರು ತುಂಬಿ ಎಲ್ಲವನ್ನೂ ಇಳಿಬಿಟ್ಟು ನೋಡಿದೆ. ಕೆಲವು ಮೂಗು ಕೆಳಗೆ ಮಾಡಿ ತೂಗಿದವು. ತಾಮ್ರದವುಗಳ ಮೂಗನ್ನು ಅರದಿಂದ ಚೂರು ಸವೆಸಿದ್ದಕ್ಕೆ ಅಡ್ಡಕ್ಕೆ ಬಂದವು. ಈ ಕೆಲಸವನ್ನು ಬಣ್ಣಕ್ಕೆ ಮೊದಲೇ ಮಾಡಬೇಕಿತ್ತು, ಮತ್ತೆ ತೇಪೆ ಹಚ್ಚಬೇಕಾಯಿತು.

ಲೆಕ್ಕ ಕೇಳುತ್ತೀರಾ? ಒಟ್ಟು 47 ಗಾಳ ಖರ್ಚಾದವು. ಕೈಗೆ ಬಂದ ಒಳ್ಳೆಯ ಜಿಗ್ 22. ಲೋಹ, ಸಿಲಿಕೋನ್, ಪುಡಿ ಬಣ್ಣ, ತಕ್ಕಡಿ, ಮಣಿ ಎಲ್ಲ ಕೂಡಿಸಿದರೆ ಈ ದುಡ್ಡಿಗೆ ಅಂಗಡಿಯಲ್ಲಿ 22ಕ್ಕಿಂತ ಜಾಸ್ತಿಯೇ ಬರುತ್ತಿದ್ದವು. ಉಳಿತಾಯಕ್ಕೆ ಎಂದು ಶುರು ಮಾಡುವವರು ಮೊದಲ ವರ್ಷ ಉಳಿತಾಯದ ಮಾತು ಮರೆತುಬಿಡಿ.

ಮೊನ್ನೆ ಬೆಳಗ್ಗೆ ಐಸ್ ಅಳೆದೆ. ತಿಳಿಯಾದ ಗಟ್ಟಿ ಐಸ್ 10 ಸೆಂಟಿಮೀಟರ್ ಆದರೂ ಇಲ್ಲದೆ ನಾನು ಕಾಲಿಡುವುದಿಲ್ಲ, ಅಂದು 18 ಇತ್ತು. ತೂತು ಕೊರೆದು ಮೊದಲು ಬಿಸ್ಮತ್ ಜಿಗ್ ಬಿಟ್ಟೆ. ಮೇಲೆ ಎಳೆಯುವಾಗ ಐಸ್ ಅಂಚಿಗೆ ಬಡಿದು ತಲೆಯ ಒಂದು ಚೂರು ಹಾರಿತು. ಈ ಲೋಹ ಸೀಸದಂತೆ ಮೆತ್ತಗಿಲ್ಲ, ಬಿರುಸು, ಬೇಗ ಚಕ್ಕೆ ಏಳುತ್ತದೆ. ಆಮೇಲೆ ಹಸಿರು ಬಣ್ಣದ ತಾಮ್ರದ್ದನ್ನು ಕಟ್ಟಿದೆ. ತಳದಿಂದ ಒಂದು ಗೇಣು ಮೇಲೆ ನಿಲ್ಲಿಸಿ ಕೋಲಿನ ತುದಿಯನ್ನು ನಡುಗಿಸಿದೆ. ಸ್ವಲ್ಪ ಹೊತ್ತಿಗೆ ತುದಿ ಬಾಗಿತು. ಪರ್ಚ್. ಅಂಗೈಗಿಂತ ತುಸು ಉದ್ದ. ಅದರ ತುಟಿಯಲ್ಲಿ ನಾನು ಬೆಸೆದ ಗಾಳ. ಸುತ್ತ ಯಾರೂ ಇರಲಿಲ್ಲ, ಆದರೂ ಜೋರಾಗಿ ನಕ್ಕೆ.

ಇನ್ನೂ ಮೂರು ಬಂದವು. ಐದನೆಯದಕ್ಕೆ ಕೋಲು ಒಮ್ಮೆಲೇ ತೂತಿನ ಕಡೆಗೆ ಬಗ್ಗಿತು, ಆಮೇಲೆ ದಾರ ಹಗುರವಾಯಿತು. ಎಳೆದು ನೋಡಿದರೆ ತುದಿ ಬ್ಲೇಡಿನಲ್ಲಿ ಕೊಯ್ದಂತಿತ್ತು. ಪೈಕ್. ಪರವಾಗಿಲ್ಲ, ಡಬ್ಬಿಯಲ್ಲಿ ಇನ್ನೂ ಇಪ್ಪತ್ತಿವೆ ಅಂದುಕೊಂಡು ಕೈಗವಸು ಬಿಚ್ಚಿ, ಮರಗಟ್ಟಿದ ಬೆರಳಿನಲ್ಲಿ ಗುಲಾಬಿ ಬಣ್ಣದ್ದೊಂದನ್ನು ತೆಗೆದೆ. ದಾರ ತೂರಿಸಲು ಹೋದೆ. ಹೋಗಲಿಲ್ಲ. ಬೆಳಕಿಗೆ ಹಿಡಿದು ನೋಡಿದೆ. ಕಣ್ಣಿನ ತುಂಬ ಗುಲಾಬಿ ಬಣ್ಣ.